ಗೀರೂ ಬೀಳದ ಹೆಲ್ಮೆಟ್

ಹೆಲ್ಮೆಟ್ ಅಂಗಡಿಯ ಕೌಂಟರಿನ ಹಿಂದೆ ಮೊದಲ ದಿನ ನಿಂತಾಗ ನನಗೆ ಸೈಕಲ್ ಓಡಿಸಲೂ ಬರುತ್ತಿರಲಿಲ್ಲ. ಕೆಲಸ ಬಿಟ್ಟು ಮನೆಗೆ ಬಂದ ದಿನವೂ ಬರುತ್ತಿರಲಿಲ್ಲ. ನಡುವಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಆ ಅಂಗಡಿಯಲ್ಲಿ ಎಷ್ಟು ತಲೆಗಳಿಗೆ ಹೆಲ್ಮೆಟ್ ತೊಡಿಸಿ ಕಳಿಸಿದೆನೋ ನೆನಪಿಲ್ಲ. ಈಗ ನನ್ನ ಜಾಗಕ್ಕೆ ರೇಖಾ ಬಂದಿದ್ದಾಳೆ. ಡಿಗ್ರಿ ಓದಿದವಳು, ಸ್ವಂತ ಸ್ಕೂಟಿಯಲ್ಲೇ ಕೆಲಸಕ್ಕೆ ಬರುತ್ತಾಳೆ. ನೀವು ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಒಂದು ದಿನ ಕೇಳಿದಳು. ಬಾಯಲ್ಲಿ ಹೇಳಲು ಹೊರಟರೆ ನಾನು ಕಷ್ಟದ ಭಾಗವನ್ನು ದಾಟಿಕೊಂಡು ಹೋಗುತ್ತೇನೆ ಅಂತ ನನಗೇ ಗೊತ್ತಿತ್ತು. ಬರೆದು ಕೊಡುತ್ತೇನೆ ಎಂದೆ. ಇದು ಅವಳಿಗಾಗಿ ಬರೆದದ್ದು. ಅವಳಂತೆ ಈ ಕೆಲಸಕ್ಕೆ ಬರುವ ಬೇರೆಯವರು ಓದಿದರೂ ಸರಿಯೆ.

ನಾನು ಸೇರಿದಾಗ ಅದು ಸ್ಕೂಟರ್, ಮೋಟಾರ್ ಸೈಕಲ್ ಬಿಡಿಭಾಗಗಳ ಅಂಗಡಿ. ಹೆಲ್ಮೆಟ್‌ಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದವು. ಯಜಮಾನರು ಮಹಾದೇವಪ್ಪನವರು. ಹಣೆಗೆ ವಿಭೂತಿ, ಮೈಮೇಲೆ ಬಿಳಿ ಶರಟು. ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆಗ ಹೆಲ್ಮೆಟ್ ಕೊಳ್ಳುವವರೆಂದರೆ ಯಾರೋ ಒಬ್ಬ ಬ್ಯಾಂಕ್ ಮ್ಯಾನೇಜರು, ಹೊಸದಾಗಿ ಬುಲೆಟ್ ತೆಗೆದುಕೊಂಡ ಎಸ್ಟೇಟ್ ಯಜಮಾನರು, ಅಷ್ಟೆ. ಮಲ್ಲಂದೂರಿನ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ಒಬ್ಬ ರೈಟರು ಕೊಂಡುಹೋದ ಹೆಲ್ಮೆಟ್ಟನ್ನು ಮಾರನೆಯ ವರ್ಷ ತಂದು, ಬುಡದಲ್ಲಿ ತೂತು ಬಿದ್ದಿದೆ, ಬದಲಿಸಿ ಕೊಡಿ ಅಂದರು. ಕೇಳಿದರೆ ಅದರಲ್ಲಿ ಅವರು ವರ್ಷವಿಡೀ ಕೋಳಿಗೆ ನೀರಿಟ್ಟಿದ್ದರು.

ಆಮೇಲೆ ಕಾನೂನು ಬಿಗಿಯಾಯಿತು. ಓಡಿಸುವವರಿಗೆ ಕಡ್ಡಾಯ, ಹಿಂದೆ ಕೂರುವವರಿಗೂ ಕಡ್ಡಾಯ. ಪೊಲೀಸರು ರಸ್ತೆಗಿಳಿದ ವಾರ ಅಂಗಡಿಯ ಮುಂದೆ ರೇಷನ್ ಅಂಗಡಿಯಂತೆ ಸಾಲು ನಿಲ್ಲುತ್ತಿತ್ತು. ಜನ ಹೆಲ್ಮೆಟ್ ಕೇಳುತ್ತಿರಲಿಲ್ಲ, "ಪೊಲೀಸರು ಹಿಡಿಯದ ಹಾಗಿರೋದು ಒಂದು ಕೊಡಿ" ಅನ್ನುತ್ತಿದ್ದರು. ನಾವೂ ಹಾಗೆಯೇ ಕೊಟ್ಟೆವು. ಹಿಂದೆ ಐಎಸ್‌ಐ ಗುರುತಿದೆಯಾ, ಇದೆ, ಮುಗಿಯಿತು. ಆ ಗುರುತು ಅಂದರೆ ಸರ್ಕಾರವೇ ಪರೀಕ್ಷೆ ಮಾಡಿ ಒತ್ತಿದ ಮುದ್ರೆ ಅಂತ ನಾನು ನಂಬಿದ್ದೆ.

ಆ ನಂಬಿಕೆ ಹೋದದ್ದು ಒಂದು ಮಂಗಳವಾರ. ಉತ್ತರದ ಕಡೆಯಿಂದ ಮಾಲು ಕಳಿಸುತ್ತಿದ್ದ ಒಬ್ಬ ವ್ಯಾಪಾರಿಯ ಪ್ರತಿನಿಧಿ ಬಂದಿದ್ದ. ಎರಡು ವರ್ಷದಿಂದ ಅವನ ಹೆಲ್ಮೆಟ್‌ಗಳನ್ನು ಮಾರುತ್ತಿದ್ದೆವು. ಈ ಸಲ ಡಜನ್‌ಗಟ್ಟಲೆ ಹೊಸ ಮಾಲು ತಂದಿದ್ದ. ನಾನು ಬಿಚ್ಚಿ ನೋಡಿದರೆ ಯಾವುದರ ಹಿಂದೆಯೂ ಗುರುತಿಲ್ಲ. ಕೇಳಿದೆ. ಅವನು ನಕ್ಕು ಬ್ಯಾಗಿನಿಂದ ಮೂರು ಸುರುಳಿ ತೆಗೆದು ಕೌಂಟರಿನ ಮೇಲಿಟ್ಟ. ಸೀರೆಗೆ ಹಚ್ಚುವ ಲೇಸಿನ ಸುರುಳಿಯಂತೆ ಇದ್ದವು. ಒಂದರಲ್ಲಿ ಐಎಸ್‌ಐ, ಇನ್ನೊಂದರಲ್ಲಿ ಅಮೆರಿಕದ ಡಿಒಟಿ, ಮತ್ತೊಂದರಲ್ಲಿ ಎರಡೂ ಒಟ್ಟಿಗೆ. ಯಾವುದು ಬೇಕೋ ಅದನ್ನು ನೀವೇ ಅಂಟಿಸಿಕೊಳ್ಳಿ, ಕಾಲೇಜು ಹುಡುಗರಿಗೆ ಫಾರಿನ್‌ದು ಹಾಕಿ, ಊರಿನವರಿಗೆ ಇದನ್ನು ಹಾಕಿ ಅಂತ ಹಿಂದಿಯಲ್ಲಿ ವಿವರಿಸಿದ.

ಮಹಾದೇವಪ್ಪನವರು ಎದ್ದು ಬಂದರು. ಒಂದು ಹೆಲ್ಮೆಟ್ ತೆಗೆದುಕೊಂಡು ಹೋಗಿ ಅಂಗಡಿಯ ಕಲ್ಲಿನ ಮೆಟ್ಟಿಲ ಮೇಲೆ ಮಗುಚಿಟ್ಟು, ಪಂಚೆ ಎತ್ತಿಕಟ್ಟಿ, ಅದರ ಮೇಲೆ ನಿಂತರು. ಅವರದ್ದು ಸಣಕಲು ದೇಹ. ಹೆಲ್ಮೆಟ್ ತೆಂಗಿನಕಾಯಿಯ ಹಾಗೆ ಎರಡು ಹೋಳಾಯಿತು. ಒಳಗೆ ದಪ್ಪ ಥರ್ಮಾಕೋಲ್ ಇರಬೇಕಾದ ಜಾಗದಲ್ಲಿ ಟಿವಿ ಡಬ್ಬದ ಪ್ಯಾಕಿಂಗಿಗೆ ಬರುವಂಥ ತೆಳು ಹಾಳೆ. ಆ ಮನುಷ್ಯ ಅದೇ ಮಧ್ಯಾಹ್ನ ತನ್ನ ಮಾಲು ಎತ್ತಿಕೊಂಡು ಹೋದ. ಆದರೆ ನಾವು ಎರಡು ವರ್ಷ ಅದನ್ನೇ ಮಾರಿದ್ದೆವಲ್ಲ. ಯಜಮಾನರು ಒಂದು ರಟ್ಟಿನ ಮೇಲೆ ಕೈಯಾರೆ ಬರೆದು ಬಾಗಿಲಿಗೆ ತೂಗುಹಾಕಿದರು: ನಮ್ಮಿಂದ ಈ ಮಾದರಿಯ ಹೆಲ್ಮೆಟ್ ಕೊಂಡವರು ತಂದುಕೊಡಿ, ಬೇರೆ ಕೊಡುತ್ತೇವೆ, ನಮ್ಮದು ತಪ್ಪಾಗಿದೆ. ಪಕ್ಕದ ಅಂಗಡಿಯವರು ಬಂದು, ಇದೆಂತ ಮಾರಾಯ್ರೇ, ನೀವೇ ನಿಮ್ಮ ಹೆಸರು ಕೆಡಿಸ್ಕೊಳ್ತೀರಾ ಅಂತ ಕೇಳಿದರು. ರಟ್ಟು ಮೂರು ತಿಂಗಳು ಅಲ್ಲೇ ಇತ್ತು. ತಂದುಕೊಟ್ಟವರು ಕೆಲವೇ ಜನ. ಉಳಿದವರು ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದರು.

ಆಮೇಲಿನಿಂದ ನಾನು ಗುರುತುಗಳ ಹಿಂದೆ ಬಿದ್ದೆ. ಅದಕ್ಕೆ ಸರಿಯಾಗಿ ಜರ್ಮನಿಯ ಹೆಂಗಸೊಬ್ಬರು ಅಂಗಡಿಗೆ ಬಂದರು. ಬಾಡಿಗೆ ಬುಲೆಟ್ಟಿನಲ್ಲಿ ಬಾಬಾಬುಡನ್‌ಗಿರಿಗೆ ಹೊರಟಿದ್ದವರು. ದಾರಿಯಲ್ಲಿ ಪೊಲೀಸರು ತಡೆದು, ನಿಮ್ಮ ಹೆಲ್ಮೆಟ್‌ಗೆ ಐಎಸ್‌ಐ ಇಲ್ಲ ಅಂದಿದ್ದಾರೆ. ಆಕೆಗೆ ಸಿಟ್ಟಿಗಿಂತ ಆಶ್ಚರ್ಯ ಹೆಚ್ಚಾಗಿತ್ತು. ತಮ್ಮ ಹೆಲ್ಮೆಟ್ಟನ್ನು ಕೌಂಟರಿನ ಮೇಲಿಟ್ಟು, ಗದ್ದದ ಪಟ್ಟಿಗೆ ಹೊಲಿದಿದ್ದ ಸಣ್ಣ ಬಟ್ಟೆಯ ಚೀಟಿ ತೋರಿಸಿದರು. ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ. ಯಾವ ದೇಶ ಅನುಮತಿ ಕೊಟ್ಟಿದೆಯೋ ಆ ದೇಶದ ಅಂಕಿ ಅದು, ಯುರೋಪಿನಲ್ಲಿ ಮಾರುವ ಮೊದಲೇ ಪರೀಕ್ಷೆ ಆಗಬೇಕು ಅಂತ ನನ್ನ ಅರೆಬರೆ ಇಂಗ್ಲಿಷಿಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. ಅಮೆರಿಕದ ಡಿಒಟಿ ಹಾಗಲ್ಲವಂತೆ. ತಯಾರಿಸಿದವನೇ ತನ್ನದು ಸರಿಯಿದೆ ಅಂತ ಗುರುತು ಹಚ್ಚಿ ಮಾರಬಹುದು, ಸರ್ಕಾರ ಆಮೇಲೆ ಅಂಗಡಿಯಿಂದ ಕೆಲವನ್ನು ಎತ್ತಿ ಪರೀಕ್ಷಿಸುತ್ತದೆ. ಅಷ್ಟು ದೊಡ್ಡ ದೇಶದಲ್ಲಿ ಹೀಗೂ ಉಂಟೇ ಅಂತ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಕೊನೆಗೆ ಆಕೆ ನಮ್ಮಲ್ಲಿ ಒಂದು ಐಎಸ್‌ಐ ಹೆಲ್ಮೆಟ್ ಕೊಂಡರು. ಹೊರಡುವಾಗ ತಮ್ಮದನ್ನು ಹಿಂದೆ ಕಟ್ಟಿಕೊಂಡು ನಮ್ಮದನ್ನು ಹಾಕಿಕೊಂಡರು. ಇದನ್ನು ನಮ್ಮೂರಿಗೆ ಒಯ್ದು ಹಾಕಿಕೊಂಡರೆ ಅಲ್ಲಿಯೂ ಹಿಡಿಯುತ್ತಾರೆ ಅಂದರು. ಒಂದೇ ತಲೆ, ಬೀಳುವ ಪೆಟ್ಟೂ ಒಂದೇ, ಗಡಿ ದಾಟಿದ ಕೂಡಲೇ ಸರಿಯಾದದ್ದು ತಪ್ಪಾಗುತ್ತದೆ ಅನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಒಂದು ಕಾಲದಲ್ಲಿ ನಮ್ಮ ನಿಯಮದಲ್ಲಿ ತೂಕಕ್ಕೂ ಮಿತಿಯಿತ್ತು. ಹೊರದೇಶದ ಒಳ್ಳೊಳ್ಳೆಯ ಹೆಲ್ಮೆಟ್‌ಗಳು ಅದಕ್ಕಿಂತ ಭಾರ ಅನ್ನುವ ಒಂದೇ ಕಾರಣಕ್ಕೆ ಇಲ್ಲಿ ಪಾಸಾಗುತ್ತಿರಲಿಲ್ಲ. ಮುಂದೆ ಆ ಮಿತಿ ತೆಗೆದರು.

ನಾನು ಒಂದು ನೋಟ್‌ಬುಕ್ ಮಾಡಿಕೊಂಡೆ. ಯಾವ ಅಂಕಿ ಯಾವ ದೇಶ, ಯಾವ ಗುರುತು ಎಲ್ಲಿರಬೇಕು, ಹೊಲಿದದ್ದೋ ಅಂಟಿಸಿದ್ದೋ, ಎಲ್ಲ ಬರೆದಿಟ್ಟೆ. ಆ ಹೊತ್ತಿಗೆ ದೊಡ್ಡ ಬೈಕುಗಳು ಬಂದಿದ್ದವು. ಮೂಡಿಗೆರೆ, ಕಳಸದ ಕಡೆಯ ತೋಟದವರು ಹೊರದೇಶದಲ್ಲಿರುವ ನೆಂಟರ ಕೈಲಿ ಹೆಲ್ಮೆಟ್ ತರಿಸಿಕೊಳ್ಳಲು ಶುರುಮಾಡಿದರು. ಐಎಸ್‌ಐ ಇಲ್ಲದ್ದನ್ನು ನಾವು ಮಾರುವಂತಿರಲಿಲ್ಲ, ಮಾರಲೂ ಇಲ್ಲ. ಆದರೆ ಯಾವುದು ತರಿಸಲಿ ಅಂತ ಕೇಳಿದವರಿಗೆ ನಾನು ಹೇಳುತ್ತಿದ್ದೆ. ದುಬೈಯಿಂದ ಬಂದದ್ದಾದರೆ ಪಟ್ಟಿ ನೋಡಿ, ಅಮೆರಿಕದ್ದಾದರೆ ಬರೀ ಸ್ಟಿಕರ್ ನಂಬಬೇಡಿ ಅಂತೆಲ್ಲ. "ಗಿರಿಜಕ್ಕನ್ನ ಕೇಳು" ಅನ್ನುವ ಮಾತು ಕೊಪ್ಪದವರೆಗೂ ಹೋಗಿತ್ತು. ಕುಳಿತಲ್ಲೇ ಯುರೋಪಿನ ಚೀಟಿ ಓದಬಲ್ಲೆ ಅನ್ನುವ ಹೆಮ್ಮೆ ನನಗೆ ಬಹಳ ಇತ್ತು. ಅದನ್ನು ಬಚ್ಚಿಡುವುದಿಲ್ಲ.

ಪ್ರಸನ್ನ ನಮ್ಮಲ್ಲಿಗೆ ಬರಲು ಶುರುಮಾಡಿದ್ದು ಹೀಗೆಯೇ. ಕಳಸದ ಕಡೆ ಸಂಸೆಯ ಹತ್ತಿರ ಸಣ್ಣ ಕಾಫಿ ತೋಟ, ಮೂವತ್ತೈದರ ಆಸುಪಾಸಿನ ವಯಸ್ಸು, ಮಾತಿಗಿಂತ ನಗು ಹೆಚ್ಚು. ಭಾನುವಾರ ಬೆಳಿಗ್ಗೆ ಕುದುರೆಮುಖದ ಕಡೆ ಬೈಕ್ ತೆಗೆದುಕೊಂಡು ಹೋಗುವುದು ಅವರ ಒಂದೇ ಒಂದು ಚಟ. ಅಲ್ಲಿಯ ಕಬ್ಬಿಣದ ಗಣಿ ನಿಂತ ಮೇಲೆ ಟೌನ್‌ಶಿಪ್ಪಿನಲ್ಲಿ ಜನವಿಲ್ಲ, ರಸ್ತೆ ಪೂರ್ತಿ ನಮ್ಮದೇ ಗಿರಿಜಕ್ಕ ಅನ್ನುತ್ತಿದ್ದರು. ಅವರ ಹೆಂಡತಿ ಸವಿತಾಳ ಅಣ್ಣ ಹಡಗಿನಲ್ಲಿ ಎಂಜಿನಿಯರ್. ಯುರೋಪಿನ ಬಂದರಿಗೆ ಹೋದಾಗ ಒಂದು ಒಳ್ಳೆಯ ಹೆಲ್ಮೆಟ್ ತಂದುಕೊಡುತ್ತೇನೆ ಅಂದಿದ್ದರಂತೆ. ಯಾವ ಕಂಪನಿಯದು, ಯಾವ ಮಾದರಿ ಅಂತ ನಾನೇ ಆರಿಸಿ ಬರೆದುಕೊಟ್ಟಿದ್ದೆ. ಸೈಜು ಮಾತ್ರ ಬರೆದಿರಲಿಲ್ಲ. ಮುಂದಿನ ಸಲ ಬಂದಾಗ ತಲೆಗೆ ಟೇಪು ಹಿಡಿದು ಹೇಳುತ್ತೇನೆ ಅಂದಿದ್ದೆ.

ಮುಂದಿನ ಸಲ ಬರುವ ಮೊದಲೇ ಅವರ ಫೋನ್ ಬಂತು. ಅಂದು ಪೊಲೀಸರು ಮತ್ತೆ ರಸ್ತೆಗಿಳಿದಿದ್ದರು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಡಗು ಬಂದರಿನಲ್ಲಿ ಒಂದೇ ದಿನ ನಿಲ್ಲುತ್ತದೆ, ಭಾವ ಈಗ ಅಲ್ಲಿಯ ಅಂಗಡಿಯಲ್ಲೇ ಇದ್ದಾರೆ, ಸೈಜು ಹೇಳಿ ಅಂದರು. ಗೆಳೆಯನೊಬ್ಬನ ಹತ್ತಿರ ಅದೇ ಮಾದರಿ ಇದೆ, ಅವನದ್ದು ಎಲ್ ಸೈಜು, ಹಾಕಿ ನೋಡಿದೆ, ಹಣೆಯ ಎರಡೂ ಪಕ್ಕ ಒತ್ತುತ್ತದೆ ಅಂದರು. ನಾನು ಫೋನನ್ನು ಹೆಗಲಿಗೆ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಯಾರದೋ ತಲೆಗೆ ಹೆಲ್ಮೆಟ್ ಹಾಕುತ್ತಾ, ಒಂದು ನಂಬರ್ ದೊಡ್ಡದು ತರಿಸಿಬಿಡಿ ಅಂದೆ. ಅಷ್ಟೇ ಹೇಳಿದ್ದು. ಅರ್ಧ ನಿಮಿಷದ ಮಾತು.

ಎರಡು ತಿಂಗಳ ನಂತರ ಪ್ರಸನ್ನ ಹೊಸ ಹೆಲ್ಮೆಟ್ ತೋರಿಸಲೆಂದೇ ಕಳಸದಿಂದ ಬಂದರು. ಕಪ್ಪು ಬಣ್ಣ, ಎಷ್ಟು ನುಣುಪು ಅಂದರೆ ಅಂಗಡಿಯ ಟ್ಯೂಬ್‌ಲೈಟ್ ಅದರಲ್ಲಿ ಕಾಣುತ್ತಿತ್ತು. ನಾನು ಮೊದಲು ಮಾಡಿದ ಕೆಲಸ ಪಟ್ಟಿಯ ಚೀಟಿ ಹುಡುಕಿದ್ದು. ಇ ಅಕ್ಷರ, ಅಂಕಿ, ಹೊಲಿಗೆ, ಎಲ್ಲ ಅಸಲಿ. ಒಳಗಿನ ಥರ್ಮಾಕೋಲ್ ಎಷ್ಟು ಅಚ್ಚುಕಟ್ಟು ಅಂತ ಮಹಾದೇವಪ್ಪನವರನ್ನು ಕರೆದು ತೋರಿಸಿದೆ. ಅಂಗಡಿಯಲ್ಲಿದ್ದ ಗಿರಾಕಿಗಳಿಗೂ ತೋರಿಸಿದೆ. ನೋಟ್‌ಬುಕ್ ತೆಗೆದು ಅಂಕಿ ಹೊಂದಿಸಿ ಇದು ಇಂಥ ದೇಶದ್ದು ಅಂತ ಹೇಳಿದೆ. ಪ್ರಸನ್ನ ನಗುತ್ತಾ ನಿಂತಿದ್ದರು. ನೀವು ಹೇಳಿದ್ದೇ ತರಿಸಿದೆ ನೋಡಿ ಗಿರಿಜಕ್ಕ ಅಂದರು.

ಬರುವ ಪ್ರತಿಯೊಬ್ಬ ಗಿರಾಕಿಗೂ ನಾನು ಮಾಡುತ್ತಿದ್ದ ಒಂದು ಕೆಲಸವಿತ್ತು. ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿದು, ಹಿಂಬದಿಯ ಅಂಚು ಹಿಡಿದು ಮುಂದಕ್ಕೆ ಎಳೆಯುವುದು. ಕಳಚಿಕೊಂಡು ಬಂದರೆ ಆ ಸೈಜು ಆಗದು. ಅತಿ ಅಗ್ಗದ ಹೆಲ್ಮೆಟ್ ಕೊಂಡವರಿಗೂ ಅದನ್ನು ಮಾಡದೆ ಕಳಿಸಿದವಳಲ್ಲ. ಆ ದಿನ ಪ್ರಸನ್ನನ ತಲೆಗೆ ಆ ಹೆಲ್ಮೆಟ್ಟನ್ನು ಹಾಕಿಸಿ ನೋಡಲೇ ಇಲ್ಲ. ಅದು ನನ್ನ ಕೈಯಿಂದ ಯಜಮಾನರ ಕೈಗೆ, ಅಲ್ಲಿಂದ ಗಿರಾಕಿಗಳ ಕೈಗೆ ಹೋಗಿ ಮತ್ತೆ ಚೀಲಕ್ಕೆ ಹೋಯಿತು.

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ, ಕುದುರೆಮುಖದ ರಸ್ತೆಯ ತಿರುವಿನಲ್ಲಿ ಪಾಚಿಗೆ ಪ್ರಸನ್ನನ ಬೈಕ್ ಜಾರಿತು. ವೇಗ ಇರಲಿಲ್ಲವಂತೆ. ಹಿಂದೆ ಬರುತ್ತಿದ್ದ ಜೀಪಿನವರು ಕಂಡು ಎತ್ತಿಕೊಂಡು ಹೋದರು, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ನಮಗೆ ಸುದ್ದಿ ಗೊತ್ತಾದದ್ದು ಕಳಸದ ಒಬ್ಬ ಗಿರಾಕಿಯಿಂದ. ಅಷ್ಟು ಒಳ್ಳೆಯ ಹೆಲ್ಮೆಟ್ ಇದ್ದೂ ಹೀಗಾಯಿತಲ್ಲ ಅಂತ ಅಂಗಡಿಯಲ್ಲಿ ಎಲ್ಲರೂ ಅಂದೆವು. ನಾನೂ ಅಂದೆ.

ಸುಮಾರು ಒಂದು ತಿಂಗಳ ನಂತರ ಸವಿತಾ ಬಂದರು. ಅವರನ್ನು ನಾನು ಅದೇ ಮೊದಲು ನೋಡಿದ್ದು. ಎತ್ತರದ, ಬಿಗಿ ಮುಖದ ಹೆಂಗಸು. ಚೀಲದಿಂದ ಹೆಲ್ಮೆಟ್ ತೆಗೆದು ಕೌಂಟರಿನ ಮೇಲಿಟ್ಟರು. ನಾನು ಒಡೆದದ್ದನ್ನು ನೋಡಲು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಒಡೆದಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ. ಟ್ಯೂಬ್‌ಲೈಟ್ ಅದರಲ್ಲಿ ಮೊದಲಿನಂತೆಯೇ ಕಾಣುತ್ತಿತ್ತು. ಗದ್ದದ ಪಟ್ಟಿ ಬಿಗಿದ ಹಾಗೇ ಇತ್ತು.

"ರಸ್ತೆ ಬದೀಲಿ ಜರಿ ಗಿಡದ ಪೊದೆ ಮೇಲೆ ಬಿದ್ದಿತ್ತಂತೆ, ಹೀಗೇ" ಅಂದರು ಸವಿತಾ. "ಪಟ್ಟಿ ಬಿಚ್ಚಿಲ್ಲ. ಆದ್ರೆ ತಲೆ ಮೇಲೆ ಇರ್ಲಿಲ್ಲ. ಯಾಕೆ ಹೀಗಾಯ್ತು ಅಕ್ಕ? ನಿಮಗೆ ಇದರದ್ದೆಲ್ಲ ಗೊತ್ತು ಅಂತ ಅವರು ಹೇಳ್ತಿದ್ರು."

ಒಳಗಿನ ಚೀಟಿಯಲ್ಲಿ ಎಕ್ಸ್‌ಎಲ್ ಅಂತ ಇತ್ತು. ಆ ಫೋನಿನ ಅರ್ಧ ನಿಮಿಷ ನನ್ನ ಕಿವಿಯಲ್ಲಿ ಪೂರ್ತಿ ಕೇಳಿಸಿತು. ಪಟ್ಟಿ ಸ್ವಲ್ಪ ಸಡಿಲ ಇತ್ತೋ ಏನೋ ಅಂತ ಮೊದಲು ಅಂದೆ. ಆಮೇಲೆ ಅಂದೆ, "ಹಣೆಬರಹ ಅಮ್ಮಾ. ಹೆಲ್ಮೆಟ್ ಏನು ಮಾಡ್ತದೆ."

ಅವರು ತಲೆಯಾಡಿಸಿದರು. ಹೆಲ್ಮೆಟ್ಟನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು. ಆ ಸಂಜೆ ಶಟರ್ ಎಳೆಯುವ ಮೊದಲು ಮಹಾದೇವಪ್ಪನವರು, ನೀನು ಆ ಹೆಣ್ಣುಮಗಳಿಗೆ ಹೇಳಿದ್ದು ಕೇಳಿಸಿತು ಗಿರಿಜಾ ಅಂದರು. ನಮ್ಮದು ತಪ್ಪಾಗಿದೆ ಅಂತ ಊರಿಗೆ ಕಾಣುವಂತೆ ರಟ್ಟು ತೂಗುಹಾಕಿದ್ದ ಮನುಷ್ಯ ಅವರು.

ಪಟ್ಟಿ ಸಡಿಲ ಇತ್ತು ಅನ್ನುವ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೆಂದರೆ ಬರಬರುತ್ತಾ ನಂಬಿಯೇಬಿಟ್ಟೆ. ಒಂದು ನಂಬರ್ ದೊಡ್ಡದಾದರೆ ಮಹಾ ಎಷ್ಟು ವ್ಯತ್ಯಾಸ, ಬಿಗಿಯಾಗಿ ಕಟ್ಟಿಕೊಂಡಿದ್ದರೆ ನಿಲ್ಲುತ್ತಿತ್ತು. ಹೀಗೆ ಒಂದೂವರೆ ವರ್ಷ ಕಳೆಯಿತು. ನನ್ನ ನಿವೃತ್ತಿಗೆ ಕೆಲವೇ ತಿಂಗಳಿತ್ತು. ಆಗ ಒಂದು ದೊಡ್ಡ ಕಂಪನಿಯ ತರಬೇತಿಯವರು ನಮ್ಮ ಅಂಗಡಿಗೆ ಬಂದರು. ಹಿಂದಿನ ಕಾಲದಂತಲ್ಲ, ಈಗ ಮಾರುವವರಿಗೂ ಪಾಠ ಮಾಡುತ್ತಾರೆ. ಆ ಯುವಕ ಎರಡು ಮರದ ತಲೆಗಳನ್ನು ಮೇಜಿನ ಮೇಲಿಟ್ಟ. ಒಂದು ಉದ್ದ, ಒಂದು ಗುಂಡು. ಟೇಪು ಹಿಡಿದರೆ ಎರಡರದ್ದೂ ಒಂದೇ ಅಳತೆ. ಯುರೋಪಿನಲ್ಲಿ ಮಾರುವುದನ್ನು ಉದ್ದ ತಲೆಗೆ ಅಂತ ಮಾಡುತ್ತಾರೆ, ನಮ್ಮ ಕಡೆಗೆ ಬರುವುದನ್ನು ಸ್ವಲ್ಪ ಗುಂಡಗೆ ಮಾಡುತ್ತಾರೆ, ಕಂಪನಿ ಅದೇ, ಹೆಸರು ಅದೇ, ನಂಬರೂ ಅದೇ ಅಂದ. ಗುಂಡು ತಲೆಯವರು ಅಲ್ಲಿಂದ ತರಿಸಿದರೆ ಹಣೆಯ ಎರಡೂ ಪಕ್ಕ ಒತ್ತುತ್ತದೆ. ಒತ್ತುತ್ತದೆ ಅಂತ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುತ್ತಾರೆ. ಆಗ ಪಕ್ಕ ಸರಿಯಾಗುತ್ತದೆ, ಹಿಂದೆ ಖಾಲಿ ಉಳಿಯುತ್ತದೆ. ಪಟ್ಟಿ ಎಷ್ಟು ಬಿಗಿದರೂ ಬಿದ್ದ ಪೆಟ್ಟಿಗೆ ಮುಂದಕ್ಕೆ ಉರುಳಿ ಕಳಚಿಕೊಳ್ಳುತ್ತದೆ. ಹೇಳುತ್ತಲೇ ಅವನು ಗುಂಡು ತಲೆಗೆ ಒಂದು ದೊಡ್ಡ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಹಿಂದಿನಿಂದ ಎತ್ತಿದ. ಅದು ಪಟ್ಟಿಯ ಸಮೇತ ಕಳಚಿ ಅವನ ಕೈಗೆ ಬಂತು.

ಪ್ರಸನ್ನನ ಮುಖ ನೆನಪಾಯಿತು. ಗುಂಡು ಮುಖ, ಗುಂಡು ತಲೆ. ಯಾವ ದೇಶದ ಅಂಕಿ ಅಂತ ಓದಲು ನನಗೆ ಬರುತ್ತಿತ್ತು. ಮುಂದೆ ನಿಂತ ಮನುಷ್ಯನ ತಲೆ ಹೇಗಿದೆ ಅಂತ ನಾನು ನೋಡಿರಲಿಲ್ಲ.

ಆ ಭಾನುವಾರವೇ ಕಳಸದ ಬಸ್ಸು ಹತ್ತಿದೆ. ಕಳಸದಿಂದ ಆಟೋದಲ್ಲಿ ಅವರ ತೋಟಕ್ಕೆ. ಸವಿತಾ ಕಣದಲ್ಲಿ ಕಾಫಿ ಹರಡುತ್ತಿದ್ದರು. ತೋಟದ ಕೆಲಸವನ್ನೆಲ್ಲ ಈಗ ಅವರೇ ನೋಡಿಕೊಳ್ಳುತ್ತಿದ್ದರು. ನನ್ನ ಗುರುತು ಕೂಡಲೇ ಹಿಡಿದರು. ಒಳಗೆ ಬನ್ನಿ ಅಂದರು. ಇಲ್ಲೇ ಹೇಳಿಬಿಡುತ್ತೇನೆ ಅಂತ ಕಣದ ಅಂಚಿನಲ್ಲೇ ನಿಂತು ಎಲ್ಲ ಹೇಳಿದೆ. ಫೋನು, ಸೈಜು, ಅವರು ತೋರಿಸಲು ಬಂದ ದಿನ ನಾನು ಹಾಕಿಸಿ ನೋಡದೆ ಬಿಟ್ಟದ್ದು, ಆ ಮರದ ತಲೆಗಳು, ಯಾವುದನ್ನೂ ಬಿಡಲಿಲ್ಲ. ಹಣೆಬರಹ ಅಂತ ಹೇಳಿದ್ದು ಸುಳ್ಳು ಅಂದೆ. ಬೈಯುತ್ತಾರೆ, ಅಳುತ್ತಾರೆ, ಹೊರಗೆ ಹಾಕುತ್ತಾರೆ ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಅವರು ಇದ್ಯಾವುದನ್ನೂ ಮಾಡಲಿಲ್ಲ. ಕೈಯಲ್ಲಿದ್ದ ಕುಂಟೆಯನ್ನು ಗೋಡೆಗೆ ಒರಗಿಸಿ, ಒಳಗೆ ಹೋಗಿ ಹೆಲ್ಮೆಟ್ ತಂದರು.

ಒಳಗಿನ ಸ್ಪಂಜನ್ನು ಹೊರಳಿಸಿ ನನಗೆ ತೋರಿಸಿದರು. ಸುತ್ತಲೂ ಸೂಜಿಯ ತೂತುಗಳು. ಅಂದು ಅಂಗಡಿಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಹಿಂದೆ ಅಲ್ಲಾಡ್ತದೆ ಅಂತ ಅವರು ಹೇಳಿದ್ರು" ಅಂದರು. "ನಾನು ಟವೆಲ್ ಮಡಚಿ ಒಳಗೆ ಹೊಲಿದು ಕೊಟ್ಟೆ. ಈಗ ಸರಿಯಾಯ್ತು ಅಂತ ಹಾಕ್ಕೊಂಡು ಹೋದ್ರು. ಅವರು ತೀರ್ಕೊಂಡ ಮೇಲೆ ಟವೆಲ್ ಬಿಚ್ಚಿ ಒಲೆಗೆ ಹಾಕಿ, ಆಮೇಲೆ ನಿಮ್ಮಲ್ಲಿಗೆ ಬಂದೆ. ನನ್ನ ಟವೆಲ್ಲಿಂದ ಜಾರಿತಾ ಅಂತ ಕೇಳೋಕೆ ಬಂದಿದ್ದು. ಬಾಯಿ ಬರಲಿಲ್ಲ."

ಟವೆಲ್ಲಿನಿಂದ ಅಲ್ಲ, ಸೈಜಿನಿಂದ, ನೀವು ಹೊಲಿಯದಿದ್ದರೂ ಹೀಗೇ ಆಗುತ್ತಿತ್ತು ಅಂತ ಮತ್ತೆ ಮತ್ತೆ ಹೇಳಿದೆ. ಅವರು ಕೇಳಿಸಿಕೊಂಡರು. ಆಮೇಲೆ ಮಾತಾಡಿದರು. ದನಿ ಏರಲಿಲ್ಲ.

"ನಾನು ಅವರ ಅಮ್ಮನ ಮುಖ ನೋಡ್ತಾ ಇರ್ಲಿಲ್ಲ ಅಕ್ಕ. ಒಂದೂವರೆ ವರ್ಷ. ನಾನೇ ಕೊಂದೆ ಅಂತ ಅಂದ್ಕೊಂಡಿದ್ದೆ. ನೀವು ಆ ದಿನಾನೇ ಹೇಳ್ಬಹುದಿತ್ತು."

ಒಬ್ಬ ಮನುಷ್ಯನ ವಿಷಯದಲ್ಲಿ ತಪ್ಪಿದೆ ಅಂತ ಒಪ್ಪಿಕೊಳ್ಳಲು ಬಂದವಳು ನಾನು. ಬದುಕಿರುವ ಇನ್ನೊಬ್ಬರನ್ನೂ ನನ್ನ ಒಂದು ಮಾತು ಅಷ್ಟು ದಿನ ಸುಡುತ್ತಿತ್ತು ಅನ್ನುವುದು ಕನಸಿನಲ್ಲೂ ಹೊಳೆದಿರಲಿಲ್ಲ. ಅವರು ಕಾಫಿ ಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ. ಹೊರಡುವಾಗ ಹೆಲ್ಮೆಟ್ಟನ್ನು ನನ್ನ ಕೈಗಿಟ್ಟು, ಇದನ್ನು ತಗೊಂಡು ಹೋಗಿ, ಮನೆಯಲ್ಲಿ ಬೇಡ ಅಂದರು. ಕ್ಷಮಿಸಿದೆ ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಮಾರನೆಯ ದಿನ ಮಹಾದೇವಪ್ಪನವರಿಗೆ ವಿಷಯ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಯಾರ್ಯಾರಿಗೆ ಹೀಗೆ ತರಿಸಿಕೊಳ್ಳಲು ಹೇಳಿದ್ದೀಯಾ, ಎಲ್ಲರಿಗೂ ಫೋನ್ ಮಾಡು ಅಂದರು. ನೋಟ್‌ಬುಕ್ಕಿನಲ್ಲಿ ಹೆಸರುಗಳಿದ್ದವು. ಕೆಲವರು ನಕ್ಕರು, ಒಬ್ಬರು ರೇಗಿದರು. ಮೂಡಿಗೆರೆಯ ತೋಟದವರೊಬ್ಬರು ಸುಮ್ಮನೆ ನೋಡಿ ಹೋಗೋಣ ಅಂತ ಬಂದರು. ಹಿಂದಿನಿಂದ ಎತ್ತಿದ ಕೂಡಲೇ ಅವರ ಹೆಲ್ಮೆಟ್ ಕಳಚಿ ನನ್ನ ಕೈಗೆ ಬಂತು. ಅವರು ಮುಟ್ಟಿ ಮುಟ್ಟಿ ತಮ್ಮ ಬೋಳು ತಲೆ ಸವರಿಕೊಂಡರು, ಮೂರು ವರ್ಷ ಇದನ್ನೇ ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿದಿದ್ದೀನಿ ಅಂದರು. ನಮ್ಮ ಐಎಸ್‌ಐದೇ ಒಂದು, ಅವರ ತಲೆಗೆ ಕೂರುವಂಥದ್ದು, ಹಾಕಿಸಿ ಕಳಿಸಿದೆ. ನಿವೃತ್ತಿಯಾಗುವವರೆಗೂ ಮಾಡಿದ್ದು ಇದೇ ಕೆಲಸ.

ರೇಖಾ, ಗುರುತುಗಳನ್ನು ಕಲಿ. ನನ್ನ ನೋಟ್‌ಬುಕ್ ಅಲ್ಲೇ ಇದೆ. ಅಂಟಿಸಿದ್ದು ಯಾವುದು ಹೊಲಿದದ್ದು ಯಾವುದು ಅಂತ ಗೊತ್ತಿಲ್ಲದೆ ಈ ಕೆಲಸ ಆಗುವುದಿಲ್ಲ. ಅದನ್ನು ಓದಿದ ಮೇಲೆ ತಲೆ ಎತ್ತಿ ಮುಂದಿರುವವರನ್ನು ನೋಡು. ಏನಾದರೂ ಆಗಿ ಯಾರಾದರೂ ಬಂದು ಕೇಳಿದರೆ, ಗೊತ್ತಿದ್ದದ್ದನ್ನು ಗೊತ್ತಿದೆ ಅಂತ ಅವತ್ತೇ ಹೇಳು.

ಆ ಭಾನುವಾರ ವಾಪಸು ಬಂದ ಬಸ್ಸಿನ ವಿಷಯ ಹೇಳುವುದಿತ್ತು. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ವಯಸ್ಸಾದವರೊಬ್ಬರು, ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ಬಿಟ್ಟವರಂತೆ, ಬಾಳೆಹೊನ್ನೂರಿಗೆ ಹೋಗುತ್ತಿದ್ದರು. ಫಾರಿನ್‌ದಾ ಅಂತ ಕೇಳಿದರು. ಹೌದು ಅಂದೆ. ಚೆನ್ನಾಗಿದೆ, ಹೊಸದೇ ಇದೆಯಲ್ಲ ಅಂತ ಕೈಗೆ ತೆಗೆದುಕೊಂಡು, ತಮಾಷೆಗೆ ತಲೆಗೆ ಹಾಕಿಕೊಳ್ಳಲು ಹೋದರು. ನಾನು ಕಸಿದುಕೊಂಡುಬಿಟ್ಟೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅವರಿಗೆ ಬೇಜಾರಾಯಿತು ಅಂತ ಕಂಡು, ಯಾಕೆ ಅಂತ ಹೇಳಲು ಶುರುಮಾಡಿದೆ. ಶುರುಮಾಡಿದವಳಿಗೆ ನಿಲ್ಲಿಸಲಾಗಲಿಲ್ಲ. ಪ್ರಸನ್ನ, ಫೋನು, ಗೀರಿಲ್ಲದ ಹೆಲ್ಮೆಟ್, ನಾನು ಅಂದ ಹಣೆಬರಹದ ಮಾತು, ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

ಕೊನೆಗೆ, "ಆ ಹೆಣ್ಣುಮಗಳಿಗೆ ಇದನ್ನ ಹೇಳಿದ್ರಾ?" ಅಂತ ಕೇಳಿದರು.

"ಹೇಳಿದೆ."

"ಯಾವಾಗ?"

"ಇವತ್ತು."

"ಇವತ್ತಾ" ಅಂದರು. ನನ್ನ ಮುಖವನ್ನು ಒಂದು ಸಲ ನೋಡಿ ಕಿಟಕಿಯ ಕಡೆ ತಿರುಗಿದರು.